ನಮ್ಮ ಹುಡುಗರೇ ಆಡುವ ಊರು: ಬಿಲ್ಬಾವೊದಲ್ಲಿ ಒಂದು ಶನಿವಾರ

ಯುರೋಪ್ ಟ್ರಿಪ್ ಅಂದ ಕೂಡಲೇ ನಮ್ಮ ವಾಟ್ಸಾಪ್ ಗ್ರೂಪುಗಳಲ್ಲಿ ಬರುವ ಪಟ್ಟಿ ಹೆಚ್ಚುಕಮ್ಮಿ ಒಂದೇ. ಪ್ಯಾರಿಸ್, ರೋಮ್, ಪ್ರಾಗ್, ಸ್ವಿಟ್ಜರ್ಲೆಂಡಿನ ಒಂದು ಬೆಟ್ಟ. ಸ್ಪೇನ್ ಸೇರಿಸಿದರೆ ಬಾರ್ಸಿಲೋನಾ, ಮ್ಯಾಡ್ರಿಡ್. ಫುಟ್‌ಬಾಲ್ ಹುಚ್ಚಿರೋರು ಅಲ್ಲಿನ ದೊಡ್ಡ ಸ್ಟೇಡಿಯಂ ಮುಂದೆ ಒಂದು ಸೆಲ್ಫಿ ತಗೊಂಡು ಬರ್ತಾರೆ. ಬಿಲ್ಬಾವೊ ಎಂಬ ಹೆಸರು ಆ ಪಟ್ಟಿಯಲ್ಲಿ ಇರೋದೇ ಅಪರೂಪ.

ಸ್ಪೇನ್‌ನ ಉತ್ತರ ತುದಿಯಲ್ಲಿ, ಸಮುದ್ರಕ್ಕೆ ಹತ್ತಿರದಲ್ಲಿ, ಸುತ್ತ ಹಸಿರು ಗುಡ್ಡಗಳ ನಡುವೆ ಇರುವ ಊರು ಇದು. ಜನಸಂಖ್ಯೆ ಸುಮಾರು ಮೂರೂವರೆ ಲಕ್ಷ. ಬಾಸ್ಕ್ ನಾಡಿನ ಅತಿ ದೊಡ್ಡ ನಗರ. ಇಲ್ಲಿಯ ಫುಟ್‌ಬಾಲ್ ತಂಡ ಅಥ್ಲೆಟಿಕ್ ಕ್ಲಬ್‌ಗೆ ಒಂದು ವಿಚಿತ್ರ ಪದ್ಧತಿ ಇದೆ. ಜಗತ್ತಿನ ಎಲ್ಲ ದೊಡ್ಡ ತಂಡಗಳೂ ದುಡ್ಡು ಕೊಟ್ಟು ಬ್ರೆಜಿಲ್‌ನಿಂದ, ಆಫ್ರಿಕಾದಿಂದ, ಇಂಗ್ಲೆಂಡಿನಿಂದ ಆಟಗಾರರನ್ನು ತರುವಾಗ ಇವರು ಮಾತ್ರ ಬಾಸ್ಕ್ ನಾಡಿನಲ್ಲಿ ಹುಟ್ಟಿದವರನ್ನು ಅಥವಾ ಅಲ್ಲಿ ಆಟ ಕಲಿತು ಬೆಳೆದವರನ್ನು ಮಾತ್ರ ಆಡಿಸುತ್ತಾರೆ. ನೂರು ವರ್ಷಕ್ಕೂ ಮೇಲಾಯಿತು, ಹೀಗೇ ನಡೆದಿದೆ.

ಇದನ್ನು ಕೇಳಿದ ತಕ್ಷಣ ನನ್ನ ತಂಗಿಯ ಮೊದಲ ಪ್ರಶ್ನೆ, "ಅಕ್ಕಾ, ಹಾಗಾದ್ರೆ ಹೊರಗಿನವರಿಗೆ ಜಾಗಾನೇ ಇಲ್ವಾ?" ಬೆಂಗಳೂರಿನಲ್ಲಿ ಬದುಕುವ ಯಾರಿಗೇ ಆದರೂ ಇದು ಬರೀ ಫುಟ್‌ಬಾಲ್ ಪ್ರಶ್ನೆ ಅಲ್ಲ. 'ನಮ್ಮವರು' ಅಂದ್ರೆ ಯಾರು? ಅಪ್ಪ ಅಮ್ಮ ಎಲ್ಲಿಯವರು ಅನ್ನೋದರ ಮೇಲೆ ಅದು ನಿಲ್ಲುತ್ತಾ, ನಾವು ಎಲ್ಲಿ ಬೆಳೆದೆವು ಅನ್ನೋದರ ಮೇಲಾ? ಏಪ್ರಿಲ್‌ನ ಒಂದು ಶನಿವಾರ, ಬೆಳಿಗ್ಗೆ ಎಂಟರಿಂದ ಮಧ್ಯರಾತ್ರಿವರೆಗೆ ಬಿಲ್ಬಾವೊದಲ್ಲಿ ಓಡಾಡಿದಾಗ ಈ ಪ್ರಶ್ನೆ ಊಟದಲ್ಲಿ, ಬೀದಿಯ ಬೋರ್ಡಿನಲ್ಲಿ, ಕೊನೆಗೆ ಸ್ಟೇಡಿಯಂನಲ್ಲಿ ಬೇರೆ ಬೇರೆ ವೇಷದಲ್ಲಿ ಎದುರಾಯಿತು.

ಗುಡ್ಡದ ಮೇಲಿಂದ ಒಂದು ನೋಟ

ಯಾವುದೇ ಹೊಸ ಊರಿನಲ್ಲಿ ಮೊದಲು ಎತ್ತರಕ್ಕೆ ಹತ್ತಬೇಕು, ಆಮೇಲೆ ಬೀದಿ ಸುತ್ತಬೇಕು. ಬಿಲ್ಬಾವೊದಲ್ಲಿ ಅದಕ್ಕೆ ಅರ್ತ್ಶಾಂಡಾ ಗುಡ್ಡ ಇದೆ. 1915ರಿಂದ ಓಡುತ್ತಿರುವ ಫ್ಯೂನಿಕ್ಯುಲರ್, ಅಂದರೆ ಹಗ್ಗ ಎಳೆಯುವ ಪುಟ್ಟ ರೈಲು, ಮೂರೇ ನಿಮಿಷದಲ್ಲಿ ಮೇಲೆ ತಲುಪಿಸುತ್ತದೆ.

ಮೇಲಿಂದ ನೋಡಿದರೆ ಇಲ್ಲಿಯ ಜನ ತಮ್ಮ ಊರನ್ನು ಪ್ರೀತಿಯಿಂದ 'ಬೋಚೊ' ಅಂತ ಯಾಕೆ ಕರೀತಾರೆ ಅಂತ ಗೊತ್ತಾಗುತ್ತೆ. ಬೋಚೊ ಅಂದ್ರೆ ಗುಂಡಿ. ನಾಲ್ಕೂ ಕಡೆ ಗುಡ್ಡ, ನಡುವೆ ಬಟ್ಟಲಿನ ತಳದಲ್ಲಿ ಊರು, ಅದನ್ನು ಸೀಳಿಕೊಂಡು ಹಾವಿನ ಹಾಗೆ ಸಮುದ್ರದ ಕಡೆ ಹೋಗುವ ನೆರ್ವಿಯೋನ್ ನದಿ. ನದಿಯ ದಂಡೆಯಲ್ಲಿ ಒಂದು ಕಡೆ ಬೆಳ್ಳಿಯ ಹಾಗೆ ಮಿನುಗುವ ಮ್ಯೂಸಿಯಂ, ಇನ್ನೊಂದು ಕಡೆ ಬಿಳಿ ಸ್ಟೇಡಿಯಂ. ಅವತ್ತಿನ ನಮ್ಮ ದಿನ ಪೂರ್ತಿ ಒಂದೇ ನೋಟದಲ್ಲಿ ಕಾಣಿಸಿತು.

ನೋಡನೋಡುತ್ತಲೇ ಮಳೆ ಶುರುವಾಯಿತು. ಮಳೆ ಅಂದ್ರೆ ಮಳೆಯಲ್ಲ. ಛತ್ರಿ ಬಿಚ್ಚೋಕೆ ಮನಸ್ಸಾಗಲ್ಲ, ಬಿಚ್ಚದಿದ್ರೆ ಹತ್ತು ನಿಮಿಷದಲ್ಲಿ ತೊಪ್ಪೆಯಾಗ್ತೀವಿ. ನಮ್ಮ ಮಲೆನಾಡಿನ ಸೋನೆಯ ಹಾಗೆ. ಇದಕ್ಕೆ ಇಲ್ಲಿ 'ಸಿರಿಮಿರಿ' ಅಂತಾರೆ. ನಮ್ಮ 'ಜಿಟಿಜಿಟಿ'ಗೆ ದೂರದ ನಂಟು ಇದ್ದ ಹಾಗೆ ಕೇಳಿಸುತ್ತೆ ಅಲ್ವಾ? ಊರಿನ ಫುಟ್‌ಪಾತ್‌ಗಳಿಗೆ ಹಾಕಿರುವ ಚೌಕದ ಕಲ್ಲುಗಳ ಮೇಲೆ ಒಂದು ಹೂವಿನ ಚಿತ್ತಾರ. ಬರೀ ಅಂದಕ್ಕೆ ಅಂದುಕೊಂಡೆವು. ಬಗ್ಗಿ ನೋಡಿದರೆ ಹೂವಿನ ದಳಗಳ ಸುತ್ತ ಇರೋದು ನೀರು ಹರಿದುಹೋಗುವ ಕಾಲುವೆಗಳು! ನಡೆಯೋರು ಜಾರಬಾರದು ಅಂತ ಮಾಡಿದ ಈ ಹೂವು ಈಗ ಊರಿನ ಗುರುತು. ಟೀ ಶರ್ಟ್, ಮಗ್, ಚಾಕೊಲೇಟ್ ಎಲ್ಲದರ ಮೇಲೂ ಇದೆ.

ತುಕ್ಕಿನಿಂದ ಟೈಟೇನಿಯಂವರೆಗೆ

ಗುಡ್ಡ ಇಳಿದು ನದಿ ದಾಟಲು ಹತ್ತಿರದ ಸೇತುವೆ ಸುಬಿಸುರಿ. ಪ್ರಸಿದ್ಧ ವಾಸ್ತುಶಿಲ್ಪಿ ಸಾಂತಿಯಾಗೊ ಕಲಾತ್ರಾವಾ ಕಟ್ಟಿದ ಬಿಳಿ ಬಿಲ್ಲಿನಂಥ ಕಾಲುಸೇತುವೆ. ನೆಲಕ್ಕೆ ಗಾಜು ಹಾಕಿದ್ದರು. ಸಿರಿಮಿರಿ ಊರಿನಲ್ಲಿ ಗಾಜಿನ ನೆಲ! ಜನ ಜಾರಿ ಬೀಳತೊಡಗಿದ ಮೇಲೆ ನಗರಪಾಲಿಕೆ ಅದರ ಮೇಲೆ ಕಾರ್ಪೆಟ್ಟಿನಂಥದ್ದು ಹಾಸಿತು. ಫುಟ್‌ಪಾತಿನ ಹೂವು ನೋಡಿ ಬಂದವರಿಗೆ ಇದು ನೋಡಿದರೆ ನಗು ಬರದೆ ಇರಲ್ಲ.

ಅಲ್ಲಿಂದ ದಂಡೆಯಲ್ಲೇ ನಡೆದರೆ ಗುಗೆನ್‌ಹೈಮ್ ಮ್ಯೂಸಿಯಂ. 1997ರ ಅಕ್ಟೋಬರ್‌ನಲ್ಲಿ ತೆರೆದದ್ದು, ವಿನ್ಯಾಸ ಫ್ರಾಂಕ್ ಗೆಹ್ರಿಯದು. ಹೊರಗೆಲ್ಲ ತೆಳು ಟೈಟೇನಿಯಂ ಹಾಳೆಗಳು, ಮೀನಿನ ಹುರುಪೆಯ ಹಾಗೆ. ಮೋಡ ಇದ್ದಾಗ ಬೂದಿ, ಬಿಸಿಲು ಬಿದ್ದಾಗ ಬಂಗಾರ. ಮುಂಬಾಗಿಲಲ್ಲಿ ಜೆಫ್ ಕೂನ್ಸ್ ಮಾಡಿದ 'ಪಪ್ಪಿ' ಕೂತಿದೆ. ಹನ್ನೆರಡು ಮೀಟರ್ ಎತ್ತರದ ನಾಯಿಮರಿ, ಮೈತುಂಬ ಜೀವಂತ ಹೂಗಿಡ. ವರ್ಷಕ್ಕೆ ಎರಡು ಸಲ ಹೂವು ಬದಲಿಸುತ್ತಾರೆ. ಹಿಂಬದಿಯಲ್ಲಿ ನದಿ ಪಕ್ಕ ಲೂಯಿಸ್ ಬೂರ್ಜ್ವಾ ಮಾಡಿದ ದೈತ್ಯ ಜೇಡ. ಹೆಸರು 'ಮಾಮನ್', ಅಂದರೆ ಅಮ್ಮ. ನೇಯ್ಗೆಯ ಪರದೆಗಳನ್ನು ರಿಪೇರಿ ಮಾಡುತ್ತಿದ್ದ ತನ್ನ ತಾಯಿಯ ನೆನಪಿಗೆ ಕಲಾವಿದೆ ಮಾಡಿದ್ದು. ಅದರ ಕಾಲುಗಳ ಸಂದಿಯಲ್ಲಿ ನಿಂತು ಮೇಲೆ ನೋಡಿದರೆ ಹೊಟ್ಟೆಯ ಚೀಲದಲ್ಲಿ ಅಮೃತಶಿಲೆಯ ಮೊಟ್ಟೆಗಳು ಕಾಣುತ್ತವೆ.

ಒಳಗೆ ನಮ್ಮನ್ನು ಹಿಡಿದು ನಿಲ್ಲಿಸಿದ್ದು ರಿಚರ್ಡ್ ಸೆರ್ರಾನ ಉಕ್ಕಿನ ಗೋಡೆಗಳು. ತುಕ್ಕಿನ ಬಣ್ಣದ, ಆಳೆತ್ತರಕ್ಕಿಂತ ಎಷ್ಟೋ ಎತ್ತರದ, ಸುರುಳಿ ಸುರುಳಿಯಾಗಿ ಬಾಗಿದ ಹಾಳೆಗಳು. ನಡುವೆ ನಡೆಯಬಹುದು. ಒಮ್ಮೆ ಗೋಡೆ ಮೈಮೇಲೆ ಬೀಳುವಂತೆ ವಾಲುತ್ತದೆ, ಮರುಕ್ಷಣ ದೂರ ಸರಿಯುತ್ತದೆ. "ಇದೇನು ಆರ್ಟು?" ಅಂತ ಒಳಗೆ ಹೋದ ತಂಗಿ ಹೊರಗೆ ಬಂದಾಗ ಸುಮ್ಮನಾಗಿದ್ದಳು.

ಈ ತುಕ್ಕಿಗೆ ಇಲ್ಲಿ ಬೇರೆಯೇ ಅರ್ಥ ಇದೆ. ಬಿಲ್ಬಾವೊ ಶ್ರೀಮಂತ ಆಗಿದ್ದೇ ಕಬ್ಬಿಣದಿಂದ. ಸುತ್ತಲಿನ ಗುಡ್ಡಗಳಿಂದ ಅದಿರು ತೆಗೆದು ಹಡಗಿನಲ್ಲಿ ಬ್ರಿಟನ್ನಿಗೆ ಕಳಿಸುತ್ತಿದ್ದರು. ಆಮೇಲೆ ಇಲ್ಲೇ ಉಕ್ಕಿನ ಕುಲುಮೆಗಳು, ಹಡಗುಕಟ್ಟೆಗಳು ಬಂದವು. ಕೆಲಸ ಹುಡುಕಿಕೊಂಡು ಸ್ಪೇನ್‌ನ ಮೂಲೆಮೂಲೆಯಿಂದ ಬಡವರು ಬಂದರು. 1980ರ ದಶಕದಲ್ಲಿ ಎಲ್ಲವೂ ಒಂದರ ಹಿಂದೆ ಒಂದು ಕುಸಿಯಿತು. ಕಾರ್ಖಾನೆ ಮುಚ್ಚಿದವು, ಎವುಸ್ಕಾಲ್ದುನಾ ಹಡಗುಕಟ್ಟೆಯ ಕಾರ್ಮಿಕರು ಬೀದಿಗಿಳಿದು ಹೋರಾಡಿದರು, ಆದರೂ ಅದು ಉಳಿಯಲಿಲ್ಲ. 1983ರ ಆಗಸ್ಟ್‌ನಲ್ಲಿ ನದಿ ಉಕ್ಕಿ ಹಳೇ ಊರನ್ನೇ ಮುಳುಗಿಸಿತು. ಆ ನದಿಯಾದರೂ ಹೇಗಿತ್ತು? ಕಾರ್ಖಾನೆಯ ಕೊಳೆ ಹೊತ್ತು ಸತ್ತುಹೋಗಿತ್ತು. ನಮ್ಮ ವೃಷಭಾವತಿಯನ್ನು ದಿನಾ ದಾಟುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ವರ್ಷಗಟ್ಟಲೆ ಕೊಳಚೆ ಶುದ್ಧೀಕರಣಕ್ಕೆ ದುಡ್ಡು ಸುರಿದ ಮೇಲೆ ಈಗ ಅದೇ ನೀರಿನಲ್ಲಿ ದೋಣಿ ಹುಟ್ಟುಹಾಕುತ್ತಾರೆ.

ಮ್ಯೂಸಿಯಂ ಬಂತು, ಊರು ಉದ್ಧಾರವಾಯಿತು ಅಂತ ಸುಲಭವಾಗಿ ಹೇಳುವವರಿದ್ದಾರೆ. ಆದರೆ ಮ್ಯೂಸಿಯಂಗಿಂತ ಮೊದಲೇ 1995ರಲ್ಲಿ ಮೆಟ್ರೊ ಬಂದಿತ್ತು, ನದಿ ಶುದ್ಧಿ ನಡೆದಿತ್ತು. ಒಂದು ಕಟ್ಟಡ ಊರನ್ನು ಬದಲಿಸಲಿಲ್ಲ, ಊರು ಬದಲಾಗುತ್ತಿದ್ದಾಗ ಅದಕ್ಕೊಂದು ಮುಖ ಕೊಟ್ಟಿತು. ಹಡಗುಕಟ್ಟೆ ಇದ್ದ ಜಾಗದಲ್ಲಿ ಈಗ ಸಂಗೀತ ಸಭಾಂಗಣ, ನೌಕಾ ಮ್ಯೂಸಿಯಂ ಇವೆ. ಹಳೆಯ ಕ್ರೇನ್ ಒಂದನ್ನು ಮಾತ್ರ ಕೆಡವದೆ ಕೆಂಪು ಬಣ್ಣ ಬಳಿದು ನಿಲ್ಲಿಸಿದ್ದಾರೆ. ಹೆಸರು 'ಕರೋಲಾ'. ದಿನಾ ನದಿ ದಾಟಿ ಕೆಲಸಕ್ಕೆ ಹೋಗುತ್ತಿದ್ದ ಹೆಣ್ಣುಮಗಳೊಬ್ಬಳನ್ನು ನೋಡಲು ಕಾರ್ಮಿಕರೆಲ್ಲ ಕೆಲಸ ನಿಲ್ಲಿಸುತ್ತಿದ್ದರಂತೆ, ಅವಳ ಹೆಸರೇ ಇದಕ್ಕೆ ಬಂತಂತೆ.

ಬಿಲ್ಬೊ, ಬಿಲ್ಬೊನ್, ಬಿಲ್ಬೊರಾ

ಗುಗೆನ್‌ಹೈಮ್ ಪಕ್ಕದಿಂದ ಹಸಿರು ಟ್ರಾಮ್ ಹತ್ತಿ ಹಳೇ ಊರಿನ ಕಡೆ ಹೊರಟೆವು. ಟ್ರಾಮಿನಲ್ಲಿ, ಬೀದಿಯಲ್ಲಿ, ಆಸ್ಪತ್ರೆ ಬಾಗಿಲಲ್ಲಿ ಎಲ್ಲ ಬೋರ್ಡುಗಳೂ ಎರಡು ಭಾಷೆಯಲ್ಲಿ. ಒಂದು ಸ್ಪ್ಯಾನಿಷ್. ಇನ್ನೊಂದು ಎವುಸ್ಕಾರಾ, ಬಾಸ್ಕ್ ಜನರ ನುಡಿ. ಯುರೋಪಿನ ಹೆಚ್ಚಿನ ಭಾಷೆಗಳು ಒಂದಕ್ಕೊಂದು ಅಣ್ಣ, ತಂಗಿ, ದೊಡ್ಡಪ್ಪನ ಮಕ್ಕಳು. ಇದಕ್ಕೆ ಮಾತ್ರ ಯಾರೂ ನೆಂಟರಿಲ್ಲ. ಭಾಷಾಶಾಸ್ತ್ರಜ್ಞರು ಹುಡುಕಿ ಹುಡುಕಿ ಸಾಕಾಗಿದ್ದಾರೆ, ಜಗತ್ತಿನ ಯಾವ ಭಾಷೆಯ ಜೊತೆಗೂ ಸಂಬಂಧ ಸಾಬೀತಾಗಿಲ್ಲ.

ಆದರೂ ಕನ್ನಡ ಬಲ್ಲವರಿಗೆ ಒಂದು ಖುಷಿ ಇದೆ. ಊರಿನ ಹೆಸರು ಎವುಸ್ಕಾರಾದಲ್ಲಿ ಬಿಲ್ಬೊ. 'ಬಿಲ್ಬೊನ್' ಅಂದ್ರೆ ಬಿಲ್ಬೊದಲ್ಲಿ, 'ಬಿಲ್ಬೊರಾ' ಅಂದ್ರೆ ಬಿಲ್ಬೊಗೆ, 'ಬಿಲ್ಬೊತಿಕ್' ಅಂದ್ರೆ ಬಿಲ್ಬೊದಿಂದ. ನಾವು ಬೆಂಗಳೂರಿನಲ್ಲಿ, ಬೆಂಗಳೂರಿಗೆ, ಬೆಂಗಳೂರಿಂದ ಅಂತ ಬಾಲ ಅಂಟಿಸಿದ ಹಾಗೇ ಅವರೂ ಅಂಟಿಸುತ್ತಾರೆ. ಕ್ರಿಯಾಪದ ಸಾಮಾನ್ಯವಾಗಿ ವಾಕ್ಯದ ಕೊನೆಗೆ. ನಂಟು ಏನೂ ಇಲ್ಲ, ಸ್ವಭಾವ ಮಾತ್ರ ಒಂದೇ.

ಇನ್ನೊಂದು ಮಾತು ನನಗೆ ಬಹಳ ಇಷ್ಟವಾಯಿತು. ಬಾಸ್ಕ್ ವ್ಯಕ್ತಿಗೆ ಅವರ ಭಾಷೆಯಲ್ಲಿ 'ಎವುಸ್ಕಾಲ್ದುನ್' ಅಂತಾರೆ. ಅಕ್ಷರಶಃ ಅರ್ಥ, ಎವುಸ್ಕಾರಾ ಉಳ್ಳವರು. ಜಾತಿ, ರಕ್ತ, ಊರು ಯಾವುದೂ ಆ ಪದದ ಒಳಗಿಲ್ಲ, ಭಾಷೆ ಮಾತ್ರ ಇದೆ. ಸರ್ವಾಧಿಕಾರಿ ಫ್ರಾಂಕೊ ಕಾಲದಲ್ಲಿ ಈ ಭಾಷೆಯನ್ನು ಶಾಲೆ, ಕಚೇರಿಗಳಿಂದ ಹೊರಗಿಟ್ಟಿದ್ದರು. ಒಂದು ಇಡೀ ತಲೆಮಾರು ಮನೆಯ ಬಾಗಿಲು ಹಾಕಿಕೊಂಡು ಮಾತಾಡಿ ಅದನ್ನು ಉಳಿಸಿತು. ಈಗ ಮಕ್ಕಳು ಶಾಲೆಯಲ್ಲೇ ಕಲಿಯುತ್ತಾರೆ. ಹಾಗಂತ ಬಿಲ್ಬಾವೊದ ಬೀದಿಯಲ್ಲಿ ಹೆಚ್ಚು ಕೇಳಿಸೋದು ಸ್ಪ್ಯಾನಿಷ್ಷೇ. 'ಕೈಶೊ' ಅಂದರೆ ನಮಸ್ಕಾರ, 'ಎಸ್ಕೆರಿಕ್ ಅಸ್ಕೊ' ಅಂದರೆ ಥ್ಯಾಂಕ್ಸ್. ಇವೆರಡು ಕಲಿತು ಹೋಗಿ. ಅಂಗಡಿಯವರ ಮುಖ ಅರಳೋದನ್ನು ನೀವೇ ನೋಡ್ತೀರಿ.

ನಿಂತುಕೊಂಡೇ ಊಟ

ಹಳೇ ಊರಿಗೆ 'ಏಳು ಬೀದಿಗಳು' ಅಂತ ಹೆಸರು. ಪಕ್ಕದಲ್ಲಿ ನದಿಗೆ ಅಂಟಿಕೊಂಡೇ ಲಾ ರಿಬೇರಾ ಮಾರ್ಕೆಟ್ಟು. 1929ರ ಕಟ್ಟಡ, ಬಣ್ಣದ ಗಾಜಿನ ಕಿಟಕಿಗಳು, ಒಳಗೆ ಮೀನು, ಬೀನ್ಸ್, ಚೀಸು. ಹತ್ತಿರದಲ್ಲೇ ಪ್ಲಾಸಾ ನುಯೆವಾ, ನಾಲ್ಕೂ ಕಡೆ ಕಮಾನು ಪಡಸಾಲೆ ಇರುವ ಚೌಕ. ಆ ಪಡಸಾಲೆ ತುಂಬ ಪುಟ್ಟ ಪುಟ್ಟ ಬಾರುಗಳು. ಬಾರು ಅಂದ ತಕ್ಷಣ ನಮ್ಮೂರಿನ ಕತ್ತಲೆ ಕೋಣೆ ನೆನೆಸಿಕೊಳ್ಳಬೇಡಿ. ಇಲ್ಲಿ ಅಜ್ಜಿ, ಮೊಮ್ಮಗು, ತಳ್ಳುಗಾಡಿಯಲ್ಲಿ ಮಲಗಿದ ಕೂಸು ಎಲ್ಲರೂ ಇರ್ತಾರೆ.

ಕೌಂಟರ್ ಮೇಲೆ ಸಾಲಾಗಿ ತಟ್ಟೆಗಳು. ತಟ್ಟೆಯಲ್ಲಿ 'ಪಿಂಚೊ'ಗಳು. ಒಂದು ತುಂಡು ಬ್ರೆಡ್ಡು, ಅದರ ಮೇಲೆ ಏನಾದರೂ, ಬೀಳದ ಹಾಗೆ ಒಂದು ಕಡ್ಡಿ. ಒಂದಕ್ಕೆ ಎರಡರಿಂದ ನಾಲ್ಕು ಯುರೋ. ಒಂದು ಬಾರಿನಲ್ಲಿ ಒಂದು ತಿಂದು, ಒಂದು ಸಣ್ಣ ಲೋಟ ಕುಡಿದು, ಮುಂದಿನ ಬಾರಿಗೆ ಹೋಗಬೇಕು. ಕೂತು ಹೊಟ್ಟೆ ತುಂಬ ತಿನ್ನೋ ಪದ್ಧತಿ ಅಲ್ಲ. ಗೆಳೆಯರ ಗುಂಪಿಗೆ 'ಕ್ವಾದ್ರಿಯ್ಯಾ' ಅಂತಾರೆ. ಎಲ್ಲರೂ ಮೊದಲೇ ಇಷ್ಟಿಷ್ಟು ದುಡ್ಡು ಹಾಕಿ ಒಬ್ಬರ ಕೈಗೆ ಕೊಡ್ತಾರೆ, ಅವರೇ ಎಲ್ಲ ಕಡೆ ಬಿಲ್ ಕಟ್ಟೋದು. ಬೈ-ಟು ಕಾಫಿಯ ಊರಿಂದ ಹೋದವರಿಗೆ ಈ ಲೆಕ್ಕ ತಕ್ಷಣ ಅರ್ಥವಾಗುತ್ತೆ.

ನಾನು ಮೀನು ತಿನ್ನುತ್ತೇನೆ, ತಂಗಿ ಮೊಟ್ಟೆವರೆಗೆ ಮಾತ್ರ. ನನಗೆ ಸಿಕ್ಕ ಮೊದಲ ತುತ್ತು 'ಹಿಲ್ದಾ'. ಉಪ್ಪಿನ ಆಂಚೊವಿ ಮೀನು, ಹಸಿರು ಆಲಿವ್, ಉಪ್ಪಿನಕಾಯಿ ಹಾಕಿದ ಮೆಣಸಿನಕಾಯಿ, ಮೂರೂ ಒಂದೇ ಕಡ್ಡಿಯಲ್ಲಿ. ಇದು ಪಕ್ಕದ ಸಾನ್ ಸೆಬಾಸ್ಟಿಯನ್‌ನಲ್ಲಿ ಹುಟ್ಟಿದ್ದು, 1946ರ 'ಗಿಲ್ಡಾ' ಸಿನಿಮಾದ ಹೆಸರು ಇದಕ್ಕೆ. ಆಮೇಲೆ ಬಂದದ್ದು ಬಕಲಾವೊ ಪಿಲ್-ಪಿಲ್. ಕಾಡ್ ಮೀನು, ಬೆಳ್ಳುಳ್ಳಿ, ಆಲಿವ್ ಎಣ್ಣೆ. ಬಾಣಲೆಯನ್ನು ಹದವಾಗಿ ಅಲ್ಲಾಡಿಸುತ್ತಾ ಇದ್ದರೆ ಮೀನಿನ ಚರ್ಮದ ಅಂಟು ಎಣ್ಣೆಗೆ ಬೆರೆತು, ಏನೂ ಹಿಟ್ಟು ಹಾಕದೆಯೇ ಗಟ್ಟಿ ಗೊಜ್ಜಾಗುತ್ತದೆ.

ಈ ಒಣ ಕಾಡ್ ಮೀನಿನ ಬಗ್ಗೆ ಊರಲ್ಲಿ ಒಂದು ಕಥೆ ಹೇಳ್ತಾರೆ. 1830ರ ದಶಕದಲ್ಲಿ ಒಬ್ಬ ವ್ಯಾಪಾರಿ '100 ಅಥವಾ 120' ಮೀನು ಕಳಿಸಿ ಅಂತ ಬರೆದನಂತೆ. ಸ್ಪ್ಯಾನಿಷ್‌ನಲ್ಲಿ 'ಅಥವಾ'ಗೆ 'ಒ' ಅಂತಾರೆ, ಬರೆದರೆ ಸೊನ್ನೆಯ ಹಾಗೇ ಕಾಣುತ್ತೆ. ಓದಿದವರು 10,00,120 ಅಂದುಕೊಂಡು ಹಡಗುಗಟ್ಟಲೆ ಮೀನು ಕಳಿಸಿಬಿಟ್ಟರಂತೆ! ಅಷ್ಟರಲ್ಲೇ ಯುದ್ಧ ಬಂದು ಊರಿಗೆ ಮುತ್ತಿಗೆ ಬಿತ್ತು, ಆ ಮೀನೇ ಊರಿನ ಹೊಟ್ಟೆ ತುಂಬಿಸಿತು, ವ್ಯಾಪಾರಿ ಶ್ರೀಮಂತನಾದ. ಕಥೆ ಎಷ್ಟು ನಿಜವೋ, ಮುತ್ತಿಗೆಯಂತೂ ನಿಜ.

ತಂಗಿ ಉಪವಾಸ ಬೀಳಲಿಲ್ಲ. ಆಲೂಗೆಡ್ಡೆ-ಮೊಟ್ಟೆಯ ದಪ್ಪ ತೋರ್ತಿಯ್ಯಾ, ಬೆಳ್ಳುಳ್ಳಿ ಹಾಕಿ ಸುಟ್ಟ ಅಣಬೆ, ಕುರಿಹಾಲಿನ ಇದಿಯಾಸಾಬಲ್ ಚೀಸ್. ಅವಳಿಗೆ ಅತಿ ಹಿಡಿಸಿದ್ದು ಗೆರ್ನಿಕಾ ಮೆಣಸಿನಕಾಯಿ. ಎಳೆ ಹಸಿರು ಕಾಯಿಯನ್ನು ಎಣ್ಣೆಯಲ್ಲಿ ಹುರಿದು ಮೇಲೆ ಕಲ್ಲುಪ್ಪು ಉದುರಿಸಿ ಕೊಡ್ತಾರೆ. "ಕಡಲೆಹಿಟ್ಟು ಹಾಕೋದು ಮರೆತ ಬಜ್ಜಿ ಕಣೇ ಅಕ್ಕಾ," ಅಂತ ಎರಡು ತಟ್ಟೆ ಖಾಲಿ ಮಾಡಿದಳು. ಒಂದು ಎಚ್ಚರಿಕೆ: 'ಮಾಂಸ ಬೇಡ' ಅಂದರೆ ಸಾಲದು. ಮೀನು, ಹ್ಯಾಮ್ ಕೂಡ ಬೇಡ ಅಂತ ಬಿಡಿಸಿ ಹೇಳಬೇಕು. ಸಿಹಿಗೆ ಬೆಣ್ಣೆ ಬನ್ನು ಇದೆ. ನಮ್ಮ ಅಯ್ಯಂಗಾರ್ ಬೇಕರಿಯ ಬನ್ನಿಗೆ ಬೆಣ್ಣೆ ಕ್ರೀಮ್ ತುಂಬಿದ ಹಾಗೆ. ಊರಿನವರಿಗೆ ಅದರ ಬಗ್ಗೆ ಭಾರಿ ಹೆಮ್ಮೆ.

ಸಿಂಹಗಳ ಕಥೀಡ್ರಲ್

ರಾತ್ರಿ ಒಂಬತ್ತಕ್ಕೆ ಪಂದ್ಯ. ಏಳಕ್ಕೆಲ್ಲ ಮೆಟ್ರೊದಲ್ಲಿ ಇಂದಾವುಚು ಸ್ಟೇಷನ್ನಿಗೆ ಬಂದೆವು. ಅಲ್ಲಿಂದ ಸ್ಟೇಡಿಯಂವರೆಗೆ ಹೋಗುವ ಪೋಸಾ ಬೀದಿ ಪೂರ್ತಿ ಕೆಂಪು-ಬಿಳಿ ಪಟ್ಟೆ. ಸ್ಪೇನ್‌ನ ಸ್ಟೇಡಿಯಂ ಒಳಗೆ ಮದ್ಯ ಮಾರುವ ಹಾಗಿಲ್ಲ, ಹಾಗಾಗಿ ಕೊನೇ ನಿಮಿಷದವರೆಗೂ ಜನ ಬೀದಿಯಲ್ಲೇ. ತಾತ ಮೊಮ್ಮಗಳ ಕೈ ಹಿಡಿದು ಬರ್ತಾರೆ, ಇಬ್ಬರ ಬೆನ್ನ ಮೇಲೂ ಒಂದೇ ಜೆರ್ಸಿ. ಎಷ್ಟೋ ಜನರ ಕೈಯಲ್ಲಿ ಫಾಯಿಲ್ ಸುತ್ತಿದ ಪೊಟ್ಟಣ. ಮನೆಯಿಂದ ತಂದ ಸ್ಯಾಂಡ್‌ವಿಚ್, ಹಾಫ್ ಟೈಮಿಗೆ.

ಬೀದಿಯ ಕೊನೆಗೆ ಸಾನ್ ಮಾಮೆಸ್. ಹಳೇ ಸ್ಟೇಡಿಯಂ 1913ರದ್ದು, ಅದರ ಪಕ್ಕದಲ್ಲೇ ಕಟ್ಟಿದ ಈಗಿನದು 2013ರಲ್ಲಿ ಶುರುವಾಯಿತು. ಸುಮಾರು 53,000 ಜನ ಹಿಡಿಸುತ್ತೆ. ಅಭಿಮಾನಿಗಳು ಇದನ್ನು 'ಕಥೀಡ್ರಲ್' ಅಂತಾರೆ, ಆಟಗಾರರನ್ನು 'ಸಿಂಹಗಳು' ಅಂತಾರೆ. ಸಂತ ಮಾಮೆಸ್‌ನನ್ನು ಸಿಂಹಗಳ ಮುಂದೆ ಎಸೆದರೂ ಅವು ಮುಟ್ಟಲಿಲ್ಲ ಎಂಬ ಐತಿಹ್ಯದಿಂದ ಬಂದ ಹೆಸರು. ಒಳಗೆ ಒಂದು ಎದೆಮಟ್ಟದ ಪ್ರತಿಮೆ ಇದೆ, 'ಪಿಚಿಚಿ'ಯದು. ಹಳೇ ಮೈದಾನದಲ್ಲಿ ಮೊದಲ ಗೋಲು ಹೊಡೆದವನು, 1922ರಲ್ಲಿ 29ನೇ ವಯಸ್ಸಿಗೇ ತೀರಿಕೊಂಡ. ಸ್ಪೇನ್ ಲೀಗಿನಲ್ಲಿ ಅತಿ ಹೆಚ್ಚು ಗೋಲು ಹೊಡೆದವರಿಗೆ ಕೊಡುವ ಪ್ರಶಸ್ತಿಗೆ ಅವನದೇ ಹೆಸರು. ಮೊದಲ ಸಲ ಇಲ್ಲಿ ಆಡಲು ಬರುವ ತಂಡದ ನಾಯಕ ಈ ಪ್ರತಿಮೆಗೆ ಹೂವು ಇಟ್ಟೇ ಮೈದಾನಕ್ಕೆ ಇಳಿಯಬೇಕು.

ಫುಟ್‌ಬಾಲ್ ಇಲ್ಲಿಗೆ ಬಂದದ್ದು ಅದಿರಿನ ಹಡಗುಗಳ ಜೊತೆ. ಬ್ರಿಟಿಷ್ ಕೆಲಸಗಾರರು, ಬ್ರಿಟನ್ನಿನಲ್ಲಿ ಓದಿ ಬಂದ ಸ್ಥಳೀಯ ಹುಡುಗರು ಸೇರಿ ಶುರುಮಾಡಿದ ಆಟ. ಅದಕ್ಕೇ 1898ರ ಕ್ಲಬ್ಬಿಗೆ ಇಂಗ್ಲಿಷ್ ಹೆಸರು. 1941ರಲ್ಲಿ ಫ್ರಾಂಕೊ ಸರ್ಕಾರ ವಿದೇಶಿ ಪದ ಬೇಡ ಅಂತ 'ಅತ್ಲೆತಿಕೊ' ಮಾಡಿಸಿತು. ಎಪ್ಪತ್ತರ ದಶಕದಲ್ಲಿ ಹಳೇ ಹೆಸರು ಮರಳಿತು. ಫ್ರಾಂಕೊ ಸತ್ತ ಮರುವರ್ಷ, 1976ರ ಡಿಸೆಂಬರ್ 5ರಂದು, ಅಥ್ಲೆಟಿಕ್ ಮತ್ತು ಬದ್ಧ ಎದುರಾಳಿ ರಿಯಲ್ ಸೊಸಿಯೆದಾದ್ ನಾಯಕರಿಬ್ಬರೂ ಆಗಿನ್ನೂ ನಿಷೇಧದಲ್ಲಿದ್ದ ಬಾಸ್ಕ್ ಬಾವುಟವನ್ನು ಒಟ್ಟಿಗೆ ಹಿಡಿದು ಮೈದಾನಕ್ಕೆ ಬಂದರು. ಒಂದು ಆಟದ ತಂಡ ಇಷ್ಟೆಲ್ಲ ಹೊತ್ತುಕೊಂಡಿದೆ.

ಪಂದ್ಯದ ಸ್ಕೋರು ನಾಲ್ಕು ದಿನಕ್ಕೆ ಮರೆತುಹೋಗುತ್ತೆ. ಸದ್ದು ಮರೆಯಲ್ಲ. ಮೂಲೆಯಲ್ಲೆಲ್ಲೋ ಒಬ್ಬರು ಎದ್ದು ನಿಂತು ಉಸಿರು ಮುಗಿಯುವವರೆಗೆ "ಅಥ್ಲೆಏಏಏಟಿಕ್" ಅಂತ ಎಳೀತಾರೆ. ಇಡೀ ಸ್ಟೇಡಿಯಂ ಒಂದೇ ಏಟಿಗೆ "ಎವುಪ್!" ಅನ್ನುತ್ತೆ. ಎರಡನೇ ಸಲಕ್ಕೆ ನಮ್ಮ ಬಾಯಲ್ಲೂ ಅದೇ ಬಂತು.

ಹಾಗಾದ್ರೆ ನಮ್ಮವರು ಯಾರು?

ತಂಗಿಯ ಪ್ರಶ್ನೆಗೆ ಉತ್ತರ ಮೈದಾನದ ರೆಕ್ಕೆಗಳಲ್ಲಿ ಓಡುತ್ತಿರುತ್ತೆ. ಈ ಕಾಲದ ಅಥ್ಲೆಟಿಕ್‌ನ ಅತಿ ದೊಡ್ಡ ಹೆಸರುಗಳು ಇನ್ಯಾಕಿ ಮತ್ತು ನಿಕೊ ವಿಲಿಯಮ್ಸ್ ಅಣ್ಣತಮ್ಮಂದಿರು. ಅಪ್ಪ ಅಮ್ಮ ಘಾನಾ ದೇಶದವರು. ಸಹಾರಾ ಮರುಭೂಮಿಯನ್ನು ದಾಟಿ, ಬಹುಭಾಗ ನಡೆದೇ, ಸ್ಪೇನ್ ಸೇರಿದವರು. ಇನ್ಯಾಕಿ 1994ರಲ್ಲಿ ಬಿಲ್ಬಾವೊದಲ್ಲೇ ಹುಟ್ಟಿದ. ಕಷ್ಟದಲ್ಲಿ ನೆರವಾದ ಒಬ್ಬ ಪಾದ್ರಿಯ ಬಾಸ್ಕ್ ಹೆಸರನ್ನೇ ಮಗನಿಗಿಟ್ಟರು. ನಿಕೊ ಹುಟ್ಟಿದ್ದು 2002ರಲ್ಲಿ, ಪಾಂಪ್ಲೋನಾದಲ್ಲಿ. ಕ್ಲಬ್ಬಿನ ಲೆಕ್ಕದಲ್ಲಿ ಅದೂ ಬಾಸ್ಕ್ ನಾಡೇ. ಇನ್ಯಾಕಿ 2016ರಿಂದ 2023ರವರೆಗೆ ಲೀಗಿನಲ್ಲಿ ಒಂದೂ ಬಿಡದೆ ಸತತ 251 ಪಂದ್ಯ ಆಡಿ ದಾಖಲೆ ಮಾಡಿದ. ಅಂತರರಾಷ್ಟ್ರೀಯ ಆಟದಲ್ಲಿ ಅಣ್ಣ ಘಾನಾ ಆರಿಸಿಕೊಂಡ, ತಮ್ಮ ಸ್ಪೇನ್ ಪರ 2024ರ ಯುರೋ ಫೈನಲ್‌ನಲ್ಲಿ ಗೋಲು ಹೊಡೆದ. ದೊಡ್ಡ ಕ್ಲಬ್ಬುಗಳು ಕಣ್ಣು ಹಾಕಿದ್ದರೂ ನಿಕೊ 2025ರಲ್ಲಿ ಅಥ್ಲೆಟಿಕ್ ಜೊತೆ 2035ರವರೆಗೆ ಒಪ್ಪಂದಕ್ಕೆ ಸಹಿ ಹಾಕಿದ.

ಅಂದರೆ ಇಲ್ಲಿಯ ಪದ್ಧತಿ ಕೇಳೋದು 'ನಿನ್ನ ಅಜ್ಜ ಯಾರು' ಅಂತಲ್ಲ, 'ನೀನು ಆಟ ಎಲ್ಲಿ ಕಲಿತೆ' ಅಂತ. ಆಟಗಾರನಿಗೆ ಎವುಸ್ಕಾರಾ ಬರಲೇಬೇಕು ಅಂತಲೂ ಇಲ್ಲ. ಹಾಗಂತ ಎಲ್ಲ ಸರಿಯಾಗಿದೆ ಅಂತ ಹೇಳಲಾರೆ. ಬಿಲ್ಬಾವೊದಲ್ಲಿ ವಲಸಿಗರ ಮಕ್ಕಳು ಎಷ್ಟು ವರ್ಷಗಳಿಂದ ಇದ್ದಾರೆ! ಆದರೂ ಅಥ್ಲೆಟಿಕ್ ಪರ ಒಬ್ಬ ಕಪ್ಪು ಆಟಗಾರ ಮೊದಲ ಗೋಲು ಹೊಡೆಯಲು 2015 ಬರಬೇಕಾಯಿತು. ಅವನೇ ಇನ್ಯಾಕಿ. ಹೊರಗಿನವರನ್ನು ದೂರ ಇಡುವ ಪದ್ಧತಿ ಎಂಬ ಟೀಕೆಯೂ ಇದೆ. ಅಕ್ಕಪಕ್ಕದ ಸಣ್ಣ ಬಾಸ್ಕ್ ಕ್ಲಬ್ಬುಗಳ ಒಳ್ಳೆ ಹುಡುಗರನ್ನು ಎತ್ತಿಕೊಂಡು ಹೋಗ್ತಾರೆ ಎಂಬ ಸಿಟ್ಟೂ ಇದೆ. ರಿಯಲ್ ಸೊಸಿಯೆದಾದ್ ಕೂಡ ಇದೇ ಹಾದಿಯಲ್ಲಿತ್ತು, 1989ರಲ್ಲಿ ವಿದೇಶಿ ಆಟಗಾರನನ್ನು ತಂದು ಕೈಬಿಟ್ಟಿತು. ಅಥ್ಲೆಟಿಕ್ ಬಿಡಲಿಲ್ಲ. ಬಿಡದೆಯೂ, ರಿಯಲ್ ಮ್ಯಾಡ್ರಿಡ್, ಬಾರ್ಸಿಲೋನಾ ಹಾಗೆ, ಒಂದು ಸಲವೂ ಮೊದಲ ದರ್ಜೆಯಿಂದ ಕೆಳಗೆ ಬಿದ್ದಿಲ್ಲ. ಮಹಿಳಾ ತಂಡಕ್ಕೂ ಇದೇ ಪದ್ಧತಿ. 2019ರ ಜನವರಿಯಲ್ಲಿ ಅವರ ಪಂದ್ಯ ನೋಡಲು ಇದೇ ಸಾನ್ ಮಾಮೆಸ್‌ಗೆ 48,121 ಜನ ಬಂದಿದ್ದರು.

ಬೆಲೆ ಕಟ್ಟಲಿಲ್ಲ ಅಂತಲ್ಲ. 1984ರ ಗೆಲುವಿನ ನಂತರ ಸ್ಪೇನ್ ಕಪ್‌ನ ಆರು ಫೈನಲ್ ಸೋತರು. 'ಈ ಸಲ ಕಪ್ ನಮ್ದೇ' ಅಂತ ಹದಿನೆಂಟು ವರ್ಷ ಕಾದ ನಮಗೆ ಇದು ಅರ್ಥವಾಗುವ ನೋವು. ಅವರದು ನಲವತ್ತು ವರ್ಷ! 2024ರ ಏಪ್ರಿಲ್ 6ರಂದು ಪೆನಾಲ್ಟಿಯಲ್ಲಿ ಮಯೋರ್ಕಾವನ್ನು ಸೋಲಿಸಿದರು. ಐದು ದಿನದ ಮೇಲೆ 'ಗಬಾರಾ' ಹೊರಟಿತು. ಹಿಂದೆ 1983 ಮತ್ತು 84ರಲ್ಲಿ ಚಾಂಪಿಯನ್ನರನ್ನು ಹೊತ್ತಿದ್ದ ಹಳೇ ಸರಕು ದೋಣಿ. ಸಮುದ್ರದ ಬಾಯಿಂದ ನದಿಯುದ್ದಕ್ಕೂ ಊರಿನ ನಡುವಿನವರೆಗೆ ತಂಡವನ್ನು ಕರೆತಂದರು. ಮುಚ್ಚಿದ ಕಾರ್ಖಾನೆಗಳ ದಂಡೆಯಲ್ಲಿ ಸುಮಾರು ಹತ್ತು ಲಕ್ಷ ಜನ ನಿಂತಿದ್ದರು ಅಂತ ಅಂದಾಜು.

ಇದನ್ನು ಓದುವಾಗ ನಮ್ಮ 2025ರ ಜೂನ್ 4 ನೆನಪಾಗದೆ ಇರಲ್ಲ. ಕಪ್ ಗೆದ್ದ ಮರುದಿನ ಚಿನ್ನಸ್ವಾಮಿ ಸ್ಟೇಡಿಯಂ ಹೊರಗೆ ಕಾಲ್ತುಳಿತದಲ್ಲಿ 11 ಜನ ಹೋದರು. ಬಿಲ್ಬಾವೊದಲ್ಲಿ ಜನ ಒಂದು ಗೇಟಿನ ಹತ್ತಿರ ಬರಲಿಲ್ಲ, ಕಪ್ಪೇ ಜನರ ಹತ್ತಿರ ಹೋಯಿತು. ಮೈಲಿಗಟ್ಟಲೆ ದಂಡೆಯಲ್ಲಿ ತಮ್ಮ ತಮ್ಮ ಊರಿನ ಮುಂದೆಯೇ ನಿಂತು ನೋಡಿದರು. ಖುಷಿಪಡೋದಕ್ಕೂ ಒಂದು ಯೋಜನೆ ಬೇಕು ಅಂತ ಹೇಳೋಕೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಗೊತ್ತಿಲ್ಲ.

ಹೋಗೋರಿಗೆ ಒಂದಿಷ್ಟು

ಲೀಗ್ ಪಂದ್ಯಗಳ ನಿಖರ ದಿನ, ಹೊತ್ತು ಕೆಲವು ವಾರ ಮೊದಲಷ್ಟೇ ಗೊತ್ತಾಗುತ್ತೆ, ಟಿವಿಗೋಸ್ಕರ ಬದಲಾಗುತ್ತಲೂ ಇರುತ್ತೆ. ವಾರಾಂತ್ಯದ ಎರಡು ರಾತ್ರಿ ಉಳಿಯುವ ಹಾಗೆ ಬುಕ್ ಮಾಡಿ. ಹೆಚ್ಚಿನ ಸೀಟುಗಳು ಕ್ಲಬ್ಬಿನ ಸದಸ್ಯರವು. ಉಳಿದದ್ದನ್ನು ಕ್ಲಬ್ಬಿನ ವೆಬ್‌ಸೈಟಿನಲ್ಲೇ ತಗೊಳ್ಳಿ. ಬಾರ್ಸಿಲೋನಾ, ಮ್ಯಾಡ್ರಿಡ್ ಬರುವ ದಿನ ಬಿಟ್ಟು ಮಾಮೂಲಿ ಪಂದ್ಯ ಆರಿಸಿದರೆ ಸಿಗುವ ಸಾಧ್ಯತೆ ಹೆಚ್ಚು. ಮೆಟ್ರೊ, ಟ್ರಾಮ್, ಬಸ್ಸಿಗೆಲ್ಲ ಒಂದೇ 'ಬಾರಿಕ್' ಕಾರ್ಡು ಸಾಕು. ತೆಳು ರೇನ್‌ಕೋಟ್ ಇರಲಿ. ಇನ್ನೊಂದು ದಿನ ಸಿಕ್ಕರೆ ಮೆಟ್ರೊದಲ್ಲೇ ಹೋಗಿ ಬಿಸ್ಕಾಯಾ ಸೇತುವೆ ನೋಡಿ. 1893ರದು, ಮೇಲೆ ಕಬ್ಬಿಣದ ತೊಲೆ, ಅದರಿಂದ ನೇತುಬಿದ್ದ ತೊಟ್ಟಿಲಿನಲ್ಲಿ ಕಾರು, ಜನ ನದಿ ದಾಟುತ್ತಾರೆ. ಯುನೆಸ್ಕೊ ಪಟ್ಟಿಯಲ್ಲಿದೆ, ಇಂದಿಗೂ ದಿನಬಳಕೆಯಲ್ಲಿದೆ.

ಪಂದ್ಯ ಮುಗಿದ ಮೇಲೆ ಸ್ಟೇಡಿಯಂ ಹೊರಗೋಡೆ ಕೆಂಪಗೆ ಹೊಳೆಯುತ್ತಿತ್ತು. ಸಿರಿಮಿರಿಯಲ್ಲೇ ಜನ ಪೋಸಾ ಬೀದಿಗೆ ವಾಪಸ್ ಹೊರಟರು, ಊಟಕ್ಕೆ. ತಂಗಿ ಅಂಗಡಿಯಲ್ಲಿ ಒಂದು ಕೆಂಪು-ಬಿಳಿ ಸ್ಕಾರ್ಫ್ ಕೊಂಡಳು. "ನೀನು ಇಲ್ಲಿ ಹುಟ್ಟಿಲ್ಲ, ಆಟಾನೂ ಕಲಿತಿಲ್ಲ ಕಣೇ," ಅಂತ ಕೆಣಕಿದೆ. "ಆಡೋಕೆ ತಾನೇ ರೂಲ್ಸು? ಕೂಗೋಕೆ ಇಲ್ವಲ್ಲ," ಅಂದಳು. ಈ ವಿಷಯದಲ್ಲಿ ಬಿಲ್ಬಾವೊದವರೂ ಅವಳ ಮಾತಿಗೆ ತಲೆಯಾಡಿಸುತ್ತಾರೆ ಅಂತ ನನ್ನ ನಂಬಿಕೆ.